ಪಿಕಪ್ ಮೇಲೆ ಡಬ್ಬಿ ಮನೆ: ಏರಿಸುವುದು, ಕಟ್ಟುವುದು, ಇಳಿಸುವುದು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಕಟಾವು ಮಷಿನ್ ಮುಧೋಳ, ಜಮಖಂಡಿ, ಬೀಳಗಿ ಸುತ್ತಿನ ಹೊಲಗಳಲ್ಲಿ ನಾಲ್ಕು ತಿಂಗಳು ತಿರುಗುತ್ತದೆ. ಜೊತೆಗೆ ಇಬ್ಬರು ಆಪರೇಟರ್, ಒಬ್ಬ ಹೆಲ್ಪರ್. ರಾತ್ರಿ ಎರಡಕ್ಕೆ ಮಷಿನ್ ನಿಲ್ಲಿಸಿ ಊರಿಗೆ ಹೋಗಿ ಮಲಗಿ, ಮತ್ತೆ ಆರಕ್ಕೆ ಹೊಲಕ್ಕೆ ಬಾ ಎಂದರೆ ಯಾವ ಹುಡುಗನೂ ಎರಡನೇ ವರ್ಷ ಉಳಿಯುವುದಿಲ್ಲ. ಮೊದಲ ಹಂಗಾಮಿನಲ್ಲಿ ತಾಡಪತ್ರಿ ಕಟ್ಟಿಕೊಟ್ಟೆ. ಘಟಪ್ರಭೆಯ ದಂಡೆಯ ಡಿಸೆಂಬರ್ ಥಂಡಿಗೆ ಅದು ಯಾತಕ್ಕೂ ಸಾಲಲಿಲ್ಲ. ಮರುವರ್ಷ, ಪಿಕಪ್ಪಿನ ಬಾಡಿ ಮೇಲೆ ಏರಿಸಿ ಒಯ್ದು, ಹೊಲದಲ್ಲಿ ಇಳಿಸಿ ಬಿಡುವಂಥ ಮಲಗುವ ಡಬ್ಬಿ ಮಾಡಿಸಿದೆ. ಒಳಗೆ ಮೂರು ಬಂಕು, ಒಂದು ಕಟ್ಟೆ, ಒಲೆ, ನೀರಿನ ಟ್ಯಾಂಕು.

ಇಂಗ್ಲಿಷಿನಲ್ಲಿ ಇದಕ್ಕೆ ಸ್ಲೈಡ್-ಇನ್ ಕ್ಯಾಂಪರ್ ಅಂತಾರೆ. ಅಮೆರಿಕದ ಪಿಕಪ್ಪಿನ ತೊಟ್ಟಿಯೊಳಗೆ ಜಾರಿಸಿ ಕೂರಿಸುವ ಪ್ರವಾಸದ ಮನೆ ಅದು. ನಮ್ಮ ಗಾಡಿಗಳು ಅಂಥವಲ್ಲ. ನಮ್ಮದು ಬಯಲು ಬಾಡಿ, ಪಕ್ಕದ ಪಟ್ಟಿ ಮತ್ತು ಹಿಂದಿನ ಬಾಗಿಲು ಕಳಚಿದರೆ ಬರೀ ಚಪ್ಪಟೆ ಹಲಗೆ. ತೊಟ್ಟಿಯಲ್ಲಿ ಕೂರಿಸಿದ ಡಬ್ಬಿಯನ್ನು ಮೂರು ಕಡೆಯ ಗೋಡೆ ಹಿಡಿದಿರುತ್ತದೆ. ಚಪ್ಪಟೆ ಬಾಡಿಯ ಮೇಲೆ ಅದನ್ನು ಹಿಡಿಯುವವರು ಯಾರೂ ಇಲ್ಲ, ಆ ಹಿಡಿತವನ್ನು ನಾವೇ ಕಟ್ಟಬೇಕು. ಹೀಗೆ ಕಟ್ಟುವಾಗ ನಾನು ಮಾಡಿದ ತಪ್ಪುಗಳನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗಾಡಿ ಓಡುವಾಗ ಡಬ್ಬಿಯೊಳಗೆ ಯಾರೂ ಇರಕೂಡದು. ಕೂತೂ ಅಲ್ಲ, ಮಲಗಿಯೂ ಅಲ್ಲ, "ಇಲ್ಲೇ ಎರಡು ಕಿಲೋಮೀಟರ್ ಅಲ್ಲೇನ್ರೀ" ಅಂದರೂ ಇಲ್ಲ. ಸರಕು ಗಾಡಿಯ ಹಿಂದೆ ಮಂದಿ ಕೂರಿಸುವುದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಡಬ್ಬಿ ಏರಿದ ಕೂಡಲೇ ಬಾಗಿಲಿಗೆ ಹೊರಗಿನಿಂದ ಬೀಗ ಬೀಳಬೇಕು, ಕೀಲಿ ಡ್ರೈವರನ ಕಿಸೆಯಲ್ಲಿರಬೇಕು. ಬೀಗ ಹಾಕುವ ಮೊದಲು ಒಳಗೆ ಯಾರಾದರೂ ಮಲಗಿದ್ದಾರೇನು ಅಂತ ಅವನೇ ಹತ್ತಿ ನೋಡಬೇಕು.

ಕಾಗದ ಮತ್ತು ಕಾಟಾ

ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವುದಕ್ಕೆ ತಡೆ ಹಾಕುತ್ತದೆ. ಡಬ್ಬಿಯನ್ನು ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಬೆಸುಗೆ ಹಾಕಿ ಕಾಯಂ ಕೂರಿಸಿದರೆ ಅದು ಬೇರೆ ಜಾತಿಯ ಗಾಡಿಯೇ ಆಗುತ್ತದೆ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಆದ್ದರಿಂದ ಕೆಲಸಕ್ಕೆ ಕೈ ಹಾಕುವ ಮೊದಲು ಅಳತೆ ಹಾಕಿದ ಒಂದು ಚಿತ್ರ ಹಿಡಿದು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ ಕೇಳಿ. ಇನ್ಶೂರೆನ್ಸ್‌ನವರಿಗೂ ಹೇಳಿ. ಡಬ್ಬಿ ಮಾಡಿಸಿ ದುಡ್ಡು ಕೊಟ್ಟ ಮೇಲೆ ಕೇಳಿದರೆ, ಬರುವ ಉತ್ತರ ಏನೇ ಇರಲಿ, ನಿಮಗೆ ತುಟ್ಟಿಯೇ.

ಇನ್ನು ತೂಕ. ಆರ್‌ಸಿಯಲ್ಲಿ ಖಾಲಿ ಗಾಡಿಯ ತೂಕ, ತುಂಬಿದ ಗಾಡಿಯ ತೂಕ ಎರಡೂ ಇರುತ್ತವೆ. ಎರಡರ ನಡುವಿನ ಅಂತರದಲ್ಲಿ ಡಬ್ಬಿ, ಅದರೊಳಗಿನ ಸಾಮಾನು, ಕ್ಯಾಬಿನ್ನಿನಲ್ಲಿ ಕೂರುವ ಮಂದಿ ಎಲ್ಲ ಮುಗಿಯಬೇಕು. ವೆಲ್ಡರ್ "ಮುನ್ನೂರು ಕೆಜಿ ಅಕ್ಕೇತ್ರಿ, ಅಷ್ಟ" ಅಂದರೆ ನಂಬಬೇಡಿ. ನಮ್ಮದನ್ನೂ ಹಾಗೇ ಹೇಳಿದ್ದರು, ಖಾಲಿ ಡಬ್ಬಿಯೇ ನಾನೂರೈವತ್ತು ಬಂತು. ಚೌಕ ಪೈಪು, ಪ್ಲೈವುಡ್, ಹೊರಗಿನ ಶೀಟು ಒಂದೊಂದೂ ತನ್ನ ಪಾಲು ಸೇರಿಸುತ್ತಲೇ ಹೋಗುತ್ತದೆ. ಆಮೇಲೆ ನೂರು ಲೀಟರ್ ನೀರೆಂದರೆ ನೂರು ಕೆಜಿ. 150 ಎಎಚ್‌ನ ಇನ್ವರ್ಟರ್ ಬ್ಯಾಟರಿ ಐವತ್ತು ಕೆಜಿ ದಾಟುತ್ತದೆ. ಹಾಸಿಗೆ, ಹಿಟ್ಟು, ಪಾತ್ರೆ ಸೇರಿ ನಮ್ಮ ಡಬ್ಬಿ ಆರುನೂರು ದಾಟಿತು, ಮುಂದಿನ ಲೆಕ್ಕಕ್ಕೆ ಆರುನೂರು ಎಂದೇ ಹಿಡಿಯೋಣ.

ಕಬ್ಬಿನ ಸೀಮೆಯಲ್ಲಿ ಕಾಟಾಕ್ಕೆ, ಅಂದರೆ ಗಾಡಿ ತೂಗುವ ವೇಬ್ರಿಜ್ಜಿಗೆ, ಏನೂ ಬರವಿಲ್ಲ. ಆದರೆ ಬರೀ ಒಟ್ಟು ತೂಕ ನೋಡಿಕೊಂಡು ಬರಬೇಡಿ. ಮೊದಲು ಮುಂದಿನ ಎರಡು ಗಾಲಿ ಮಾತ್ರ ಕಾಟಾದ ಮೇಲೆ ನಿಲ್ಲಿಸಿ ಚೀಟಿ ತಗೊಳ್ಳಿ, ಆಮೇಲೆ ಇಡೀ ಗಾಡಿಯದು. ಡಬ್ಬಿ ಇಲ್ಲದೆ ಒಮ್ಮೆ, ಡಬ್ಬಿ ಏರಿಸಿ ಒಮ್ಮೆ. ಒಟ್ಟು ನಾಲ್ಕು ಚೀಟಿ. ಇವುಗಳನ್ನು ಗಾಡಿಯ ಡ್ಯಾಶಿನಲ್ಲೇ ಇಡಿ, ಮುಂದಿನ ಲೆಕ್ಕಕ್ಕೆಲ್ಲ ಬೇಕಾಗುತ್ತವೆ.

ಭಾರದ ನಡು ಎಲ್ಲಿ ಬೀಳುತ್ತದೆ

ಈ ಕೆಲಸದಲ್ಲಿ ತಲೆ ಓಡಿಸಬೇಕಾದ ಜಾಗ ಇದು. ಡಬ್ಬಿಯ ಭಾರದ ನಡು ಹಿಂದಿನ ಆ್ಯಕ್ಸಲ್‌ಗಿಂತ ಮುಂದೆ ಬೀಳಬೇಕು. ಹಿಂದೆ ಬಿದ್ದರೆ ಡಬ್ಬಿಯು ಮೀಟುಗೋಲಿನ ಹಾಗೆ ಗಾಡಿಯ ಮೂತಿಯನ್ನು ಎತ್ತುತ್ತದೆ. ಮುಂದಿನ ಗಾಲಿಯ ಮೇಲೆ ಭಾರ ಕಡಿಮೆಯಾದರೆ ಸ್ಟೀರಿಂಗ್ ಹಗುರ ಅನ್ನಿಸುತ್ತದೆ, ಬ್ರೇಕು ಹಿಡಿತ ಕಳಕೊಳ್ಳುತ್ತದೆ. "ಅಣ್ಣಾ, ಗಾಡಿ ಈಗ ಬೆಣ್ಣಿಯಂಗ ತಿರಗತೈತಿ" ಅಂತ ನಮ್ಮ ಹುಡುಗ ಮೊದಲ ದಿನ ಖುಷಿಯಿಂದ ಹೇಳಿದ. ಖುಷಿ ಪಡುವ ಸಂಗತಿ ಅದಾಗಿರಲಿಲ್ಲ.

ನಡು ಹುಡುಕಲು ಕಾಟಾದ ಚೀಟಿಗಳೇ ಸಾಕು. ಡಬ್ಬಿ ಏರಿಸಿದ ಮೇಲೆ ಮುಂದಿನ ಗಾಲಿಯ ತೂಕ ಎಷ್ಟು ಹೆಚ್ಚಿತೋ ಅದನ್ನು ಡಬ್ಬಿಯ ಒಟ್ಟು ತೂಕದಿಂದ ಭಾಗಿಸಿ, ಎರಡು ಆ್ಯಕ್ಸಲ್ ನಡುವಿನ ಅಂತರದಿಂದ ಗುಣಿಸಿ. ಆರುನೂರು ಕೆಜಿ ಡಬ್ಬಿಗೆ ಮುಂದಿನ ತೂಕ 40 ಕೆಜಿ ಹೆಚ್ಚಿದೆ, ಆ್ಯಕ್ಸಲ್ ಅಂತರ 3 ಮೀಟರ್ ಎಂದಿಟ್ಟುಕೊಳ್ಳಿ. 40 ಭಾಗಿಸು 600, ಗುಣಿಸು 3,000 ಅಂದರೆ 200 ಮಿಲಿಮೀಟರ್. ಭಾರದ ನಡು ಹಿಂದಿನ ಆ್ಯಕ್ಸಲ್‌ಗಿಂತ ಒಂದು ಗೇಣಿನಷ್ಟು ಮುಂದಿದೆ, ಒಳ್ಳೆಯದು. ಮುಂದಿನ ತೂಕ ಹೆಚ್ಚುವ ಬದಲು ಇಳಿದಿದ್ದರೆ ನಡು ಹಿಂದೆ ಬಿದ್ದಿದೆ ಎಂದೇ ಅರ್ಥ. ಆ ಗಾಡಿಯನ್ನು ರಸ್ತೆಗೆ ತರಬೇಡಿ.

ನಮ್ಮದು ಮೊದಲ ಸಲ ಹಾಗೇ ಬಿತ್ತು. ನೀರಿನ ಟ್ಯಾಂಕನ್ನು ಹಿಂದಿನ ಬಾಗಿಲ ಪಕ್ಕ ಇಡಿಸಿದ್ದೆ, ಕೈಕಾಲು ತೊಳೆಯಲು ಅನುಕೂಲ ಅಂತ. ಟ್ಯಾಂಕು, ಬ್ಯಾಟರಿ ಎರಡನ್ನೂ ಮುಂದಿನ ಗೋಡೆಗೆ ಆನಿಸಿ ನೆಲಮಟ್ಟಕ್ಕೆ ಇಟ್ಟ ಮೇಲೆ ಲೆಕ್ಕ ಸರಿಹೋಯಿತು. ಭಾರದ್ದೆಲ್ಲ ಕೆಳಗೆ, ಮುಂದೆ. ಹಾಸಿಗೆ, ಬಟ್ಟೆ ಮೇಲೆ, ಹಿಂದೆ. ಎಡಬಲದ ಲೆಕ್ಕವನ್ನೂ ಮರೆಯಬೇಡಿ. ಒಂದೇ ಬದಿಗೆ ಒಲೆ, ಕಟ್ಟೆ, ಟ್ಯಾಂಕು ಎಲ್ಲ ಬಂದರೆ ಗಾಡಿ ಆ ಕಡೆ ವಾಲಿಕೊಂಡೇ ಓಡುತ್ತದೆ, ಪಾಟಾ (ಸ್ಪ್ರಿಂಗ್ ಪಟ್ಟಿ) ಆ ಕಡೆಗೇ ಕೂರುತ್ತದೆ.

ಬಾಡಿಗಿಂತ ಹಿಂದಕ್ಕೆ ಡಬ್ಬಿ ಚಾಚಿಕೊಂಡಿದ್ದರೆ ಅದನ್ನೂ ಅಳೆಯಿರಿ. ಹಿಂದಿನ ಆ್ಯಕ್ಸಲ್‌ನಿಂದಾಚೆಯ ಚಾಚು ಆ್ಯಕ್ಸಲ್ ಅಂತರದ ನೂರಕ್ಕೆ 60ನ್ನು ಮೀರಬಾರದೆಂದು ವಾಹನ ನಿಯಮ ಹೇಳುತ್ತದೆ. ನನ್ನ ಕೇಳಿದರೆ ಡಬ್ಬಿ ಬಾಡಿಗಿಂತ ಹಿಂದಕ್ಕೆ ಬರಲೇಬಾರದು.

ಅಡಿಪಾಯ: ಗುಜರಿಯ ಬೆಲ್ಟು, ತಡೆಗಟ್ಟು

ಬಾಡಿಯ ನೆಲ ಕಬ್ಬಿಣದ ಶೀಟು, ಡಬ್ಬಿಯ ತಳವೂ ಕಬ್ಬಿಣ. ಕಬ್ಬಿಣದ ಮೇಲೆ ಕಬ್ಬಿಣ, ಅದರ ಮೇಲೆ ಒಂದಿಷ್ಟು ಡೀಸೆಲ್, ಇಬ್ಬನಿ ಬಿದ್ದರೆ ಜಾರುಬಂಡಿಯೇ. ನಡುವೆ ರಬ್ಬರ್ ಬೇಕು. ಹೊಸ ಮ್ಯಾಟಿಗೆ ದುಡ್ಡು ಸುರಿಯಬೇಕಿಲ್ಲ, ಸಕ್ಕರೆ ಕಾರ್ಖಾನೆಗಳಿಂದ ಬಿದ್ದ ಹಳೇ ಕನ್ವೇಯರ್ ಬೆಲ್ಟು ನಮ್ಮ ಕಡೆಯ ಗುಜರಿಗಳಲ್ಲಿ ತೂಕಕ್ಕೆ ಸಿಗುತ್ತದೆ. ಎಂಟು ಹತ್ತು ಮಿಲಿಮೀಟರ್ ದಪ್ಪದ್ದು ಆರಿಸಿ. ಮೊಲಾಸಿಸ್, ಗ್ರೀಸು ಮೆತ್ತಿದ್ದರೆ ಸೋಪಿನ ಪುಡಿ ಹಾಕಿ ತಿಕ್ಕಿ ತೊಳೆದು ಒಣಗಿಸಿ. ಸವೆದು ನುಣ್ಣಗಾದ ಮುಖ ಕೆಳಕ್ಕೆ ಬರಲಿ, ಒರಟು ಮುಖ ಡಬ್ಬಿಯ ಕಡೆಗಿರಲಿ. ಬೆಲ್ಟನ್ನು ಬಾಡಿಗೆ ಸ್ಕ್ರೂ ಹೊಡೆದು ನಿಲ್ಲಿಸಿಬಿಡಿ.

ಬ್ರೇಕು ಜೋರಾಗಿ ಒತ್ತಿದಾಗ ಸರಕು ಮುಂದಕ್ಕೆ ನೂಕುವ ಬಲವನ್ನು ಅದರ ತೂಕದ ನೂರಕ್ಕೆ 80ರಷ್ಟು, ಪಕ್ಕಕ್ಕೆ ಮತ್ತು ಹಿಂದಕ್ಕೆ 50ರಷ್ಟು ಎಂದು ಯುರೋಪಿನ ಸರಕು ಕಟ್ಟುವ ನಿಯಮ ಹಿಡಿಯುತ್ತದೆ. ನಮ್ಮ ಆರುನೂರು ಕೆಜಿ ಡಬ್ಬಿಗೆ ಮುಂದಕ್ಕೆ ನಾನೂರೆಂಬತ್ತು ಕೆಜಿಯ ನೂಕು. ಏಳೆಂಟು ಆಳುಗಳ ತೂಕ ಏಕಕಾಲಕ್ಕೆ ಕ್ಯಾಬಿನ್ನಿನ ಬೆನ್ನಿಗೆ ಬಂದು ಬಡಿದ ಹಾಗೆ. ಬೆಲ್ಟು ಒಂದೇ ಅದನ್ನು ತಡೆಯುತ್ತದೆಂದು ಕೂರಬಾರದು. ಬಾಡಿಯ ಮುಂದಿನ ಅಂಚಿನಲ್ಲಿ 75 ಮಿಲಿಮೀಟರಿನ ಸಿ-ಚಾನೆಲ್ಲನ್ನು (ಸಿ ಆಕಾರದ ಕಬ್ಬಿಣದ ಪಟ್ಟಿ) ಅಡ್ಡಲಾಗಿ ಕೂರಿಸಿ, ಬಾಡಿಯ ಕೆಳಗಿನ ಅಡ್ಡಪಟ್ಟಿಗಳ ತನಕ ಬೋಲ್ಟು ಇಳಿಸಿ ಬಿಗಿಯಿರಿ. ಡಬ್ಬಿ ಅದಕ್ಕೆ ಆನಿಸಿ ಕೂರಬೇಕು. ಎಡಬಲಕ್ಕೆ ಒಂದೊಂದು ಜೊತೆ ಆ್ಯಂಗಲ್ ತುಂಡು, ಮೇಲಂಚು ಹೊರಕ್ಕೆ ತುಸು ಬಾಗಿಸಿದ್ದು. ಹಾಗೆ ಬಾಗಿಸಿದ್ದರೆ ಗಾಡಿ ಹಿಮ್ಮುಖ ಬರುವಾಗ ಡಬ್ಬಿಯ ತಳ ತಾನೇ ದಾರಿ ಹಿಡಿಯುತ್ತದೆ. ಹಿಂದೆ ಎರಡು ಕಡೆ ಬೋಲ್ಟಿನ ಕ್ಲೀಟು (ಡಬ್ಬಿ ಹಿಂದೆ ಸರಿಯದಂತೆ ತಡೆಯುವ ತುಂಡು), ಏರಿಸಿದ ಮೇಲೆ ಹಾಕುವಂಥದ್ದು.

ಕ್ಯಾಬಿನ್ನಿನ ಬೆನ್ನಿಗೂ ಡಬ್ಬಿಗೂ ನಡುವೆ ನಾಲ್ಕು ಇಂಚು ಬಿಡಿ. ಕ್ಯಾಬಿನ್ ಬೇರೆ, ಬಾಡಿ ಬೇರೆ. ಹಳ್ಳದ ದಾರಿಯಲ್ಲಿ ಎರಡೂ ತಮ್ಮತಮ್ಮ ಪಾಡಿಗೆ ಹೊಯ್ದಾಡುತ್ತವೆ. ಡಬ್ಬಿಗೆ ಕ್ಯಾಬಿನ್ ಮೇಲೆ ಚಾಚಿದ ಮೂಗು ಇದ್ದರೆ ಅದರ ಕೆಳಗೂ ಅಷ್ಟೇ ಜಾಗ.

ಯಾರಾದರೂ ಹಳೇ ತೊಟ್ಟಿ ಮಾದರಿಯ ಡಬ್ಬಿಯನ್ನೇ ತಂದು ಚಪ್ಪಟೆ ಬಾಡಿಗೆ ಕೂರಿಸುವುದಾದರೆ ಒಂದು ಮಾತು. ಅದರ ತಳ ಕಿರಿದು, ಗಾಲಿಯ ಕಮಾನುಗಳ ನಡುವೆ ಕೂರಲೆಂದು ಸುಮಾರು ನಾಲ್ಕು ಅಡಿ ಅಗಲ ಇರುತ್ತದೆ. ಮೇಲೆ ಎರಡೂ ಕಡೆ ರೆಕ್ಕೆ ಚಾಚಿರುತ್ತವೆ. ಚಪ್ಪಟೆ ಬಾಡಿಯ ಮೇಲೆ ಆ ರೆಕ್ಕೆಗಳು ಗಾಳಿಯಲ್ಲೇ ನಿಲ್ಲುತ್ತವೆ. ಅವುಗಳ ಕೆಳಗೆ ಸಾಮಾನಿನ ಪೆಟ್ಟಿಗೆ ಮಾಡಿಸಿಕೊಳ್ಳಬಹುದು, ಪಾನಾ, ಸರಪಳಿ ಇಡಲು ಬಹಳ ಚಂದ. ಆದರೆ ಡಬ್ಬಿಯ ಭಾರ ತಳದ ಮೇಲೇ ನಿಲ್ಲಲಿ, ಪೆಟ್ಟಿಗೆಯ ಮೇಲೆ ರೆಕ್ಕೆ ಊರಿ ಕೂರದಿರಲಿ.

ಕಟ್ಟು ಚಾಸಿಗೆ, ಶೀಟಿಗಲ್ಲ

ನನ್ನ ಕಥೆ ಇಲ್ಲಿದೆ. ಡಬ್ಬಿ ಮಾಡಿಸಿದ ಮೊದಲ ವರ್ಷ, ಬಾಡಿಯ ಅಂಚಿನಲ್ಲಿ ಹಗ್ಗ ಕಟ್ಟಲು ಇರುತ್ತವಲ್ಲ ಕೊಕ್ಕೆ, ಅವುಗಳಿಗೇ ನಾಲ್ಕು ರ್‍ಯಾಚೆಟ್ ಬೆಲ್ಟು ಬಿಗಿದು ಹೊರಟೆವು. ಬೀಳಗಿ ದಾಟಿ ಬರುವಾಗ ಬಣ್ಣ ಬಳಿಯದ ಒಂದು ಹಂಪು. ಗಾಡಿ ಎಗರಿತು, ಹಿಂದಿನಿಂದ "ಟಣ್" ಅಂತ ಒಂದೇ ಸದ್ದು. ಇಳಿದು ನೋಡಿದರೆ ಬಲಗಡೆಯ ಹಿಂದಿನ ಕೊಕ್ಕೆ ಬೆಂಡಾಗಿ ನೆಟ್ಟಗಾಗಿದೆ, ಅದನ್ನು ಬೆಸೆದಿದ್ದ ಶೀಟು ರೊಟ್ಟಿಯ ಅಂಚಿನ ಹಾಗೆ ಹರಿದಿದೆ, ಡಬ್ಬಿ ಒಂದು ಗೇಣು ಹಿಂದಕ್ಕೆ ಸರಿದು ಕೂತಿದೆ. "ತಮ್ಮಾ, ಇನ್ನೊಂದು ಹಂಪ್ ಇದ್ದಿದ್ರ ಮನಿ ರಸ್ತಾದಾಗ ಇರತಿತ್ತ ನೋಡು" ಅಂದ ಹಿಂದೆ ಬರುತ್ತಿದ್ದ ಟ್ರ್ಯಾಕ್ಟರಿನವ. ಅವನ ಹಗ್ಗವನ್ನೇ ಇಸಕೊಂಡು, ಇಪ್ಪತ್ತರ ವೇಗದಲ್ಲಿ ಮುಧೋಳ ಮುಟ್ಟಿದೆವು.

ಕೊಕ್ಕೆ ತಾಡಪತ್ರಿಯ ಹಗ್ಗಕ್ಕೆ ಮಾಡಿದ್ದು, ಮನೆಗಲ್ಲ. ಕಟ್ಟು ಚಾಸಿಯ ಉದ್ದನೆಯ ದೂಲಗಳಿಗೇ ಹೋಗಬೇಕು. ಅದಕ್ಕೆ ಚಾಸಿಯ ಕೆಳಗೆ ಅಡ್ಡಲಾಗಿ ಎರಡು ದಪ್ಪ ಚೌಕ ಪೈಪು, ಒಂದು ಮುಂದೆ, ಒಂದು ಹಿಂದೆ. ಪೈಪಿನ ತುದಿ ಬಾಡಿಯ ಅಂಚಿನ ತನಕ ಬರಲಿ, ಅಲ್ಲಿ ಹನ್ನೆರಡು ಮಿಲಿಮೀಟರ್ ಪ್ಲೇಟಿನ ಕಿವಿ ಬೆಸೆಯಿರಿ. ಪೈಪನ್ನು ಚಾಸಿಗೆ ಹಿಡಿಸುವಾಗ ಮೂರು ಎಚ್ಚರಿಕೆ ಇವೆ. ಚಾಸಿ ದೂಲದ ಮೇಲಿನ, ಕೆಳಗಿನ ಚಾಚುಪಟ್ಟಿಗೆ ತೂತು ಕೊರೆಯಬೇಡಿ, ಬೆಸುಗೆಯನ್ನೂ ಹಾಕಬೇಡಿ; ಬಿರುಕು ಹುಟ್ಟುವುದೇ ಅಲ್ಲಿಂದ. ಕಂಪನಿಯವರೇ ನಡುಪಟ್ಟಿಯಲ್ಲಿ ಬಿಟ್ಟ ತೂತುಗಳಿದ್ದರೆ ಅವನ್ನು ಬಳಸಿ, ಇಲ್ಲದಿದ್ದರೆ ಯು-ಬೋಲ್ಟ್ ಸುತ್ತಿ. ಯು-ಬೋಲ್ಟ್ ಬಿಗಿಯುವಾಗ ಚಾನೆಲ್ ಒಳಕ್ಕೆ ಅಮುಕಿಕೊಳ್ಳುತ್ತದೆ, ಹಾಗಾಗದಂತೆ ಒಳಗೆ ಅಳತೆಗೆ ಕೊಯ್ದ ಗಟ್ಟಿ ಮರದ ಅಥವಾ ಕಬ್ಬಿಣದ ತುಂಡು ಇಡಿ. ಬ್ರೇಕ್ ಪೈಪು, ವೈರಿಂಗ್ ಯಾವುದೂ ಬೋಲ್ಟಿನ ಕೆಳಗೆ ಸಿಗದಂತೆ ಬೆರಳಾಡಿಸಿ ನೋಡಿ. ಗಾಡಿಯ ಮೇಲೆ ಎಲ್ಲೇ ವೆಲ್ಡಿಂಗ್ ಮಾಡಲಿ, ಮೊದಲು ಬ್ಯಾಟರಿಯ ವೈರು ಬಿಚ್ಚಿ. ಈಗಿನ ಗಾಡಿಗಳ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಸುಟ್ಟರೆ ಡಬ್ಬಿಗೆ ಹಾಕಿದ ಹಣ ಅಲ್ಲೇ ಹೋಯಿತು.

ಡಬ್ಬಿಯ ಕಡೆಗೆ ನಾಲ್ಕು ಕಿವಿ ಅದರ ತಳದ ಚೌಕಟ್ಟಿಗೇ ಇರಬೇಕು, ಗೋಡೆಯ ಶೀಟಿಗಲ್ಲ. ಕಿವಿಗೂ ಕಿವಿಗೂ ನಡುವೆ ಟರ್ನ್‌ಬಕಲ್ (ತಿರುಗಿಸಿದರೆ ಬಿಗಿಯಾಗುವ ತಿರುಪಿನ ಕೊಂಡಿ), ಎರಡು ತುದಿಗೂ ಮುಚ್ಚಿದ ಕಣ್ಣು ಅಥವಾ ಪಿನ್ನು ಹಾಕುವ ದವಡೆ ಇರುವಂಥದ್ದು. ತೆರೆದ ಕೊಕ್ಕೆಯದು ಬೇಡ, ಗಾಡಿ ಎಗರಿದಾಗ ಕಳಚುತ್ತದೆ. ಡಿ-ಶಕಲ್ (ಜೋಡಿಸುವ ಡಿ ಆಕಾರದ ಕೊಂಡಿ) ಮೇಲೆ ಎಷ್ಟು ಟನ್ ತಡೆಯುತ್ತದೆಂದು ಅಚ್ಚು ಒತ್ತಿರಬೇಕು, ಅಚ್ಚಿಲ್ಲದ್ದನ್ನು ಅಂಗಡಿಯವನಿಗೇ ವಾಪಸ್ ಕೊಡಿ. ಮುಂದಿನ ಜೋಡಿ ಕೆಳಕ್ಕೂ ಮುಂದಕ್ಕೂ ಎಳೆಯುವ ಕೋನದಲ್ಲಿರಲಿ, ಡಬ್ಬಿ ಸಿ-ಚಾನೆಲ್ಲಿಗೆ ಅಂಟಿಕೊಂಡಿರುತ್ತದೆ. ಹಿಂದಿನ ಜೋಡಿ ಹೆಚ್ಚುಕಡಿಮೆ ನೆಟ್ಟಗೆ ಕೆಳಕ್ಕೆ, ತುಸು ಮುಂದಕ್ಕೆ.

ಬಿಗಿ ಎಷ್ಟು? ಕೈಯಿಂದ ತಿರುಗಿಸಿ ಗಟ್ಟಿಯಾದ ಮೇಲೆ ರಾಡು ತೂರಿಸಿ ಒಂದು ಸುತ್ತು, ಸಾಕು. ನಮ್ಮ ಹುಡುಗರು ಗಾಲಿ ನಟ್ಟಿನ ಹಾಗೆ ಹತ್ತಿ ನಿಂತು ಬಿಗಿಯುತ್ತಿದ್ದರು. ಉಳುಮೆ ಮಾಡಿದ ಹೊಲದ ಬದುವಿನ ಮೇಲೆ ಗಾಡಿ ಏರಿದಾಗ ಚಾಸಿ ಕೊಂಚ ಹೊರಳಲೇಬೇಕು, ಅದು ಹಾಗೆಂದೇ ಮಾಡಿದ್ದು. ಡಬ್ಬಿ ಹೊರಳುವುದಿಲ್ಲ. ಅತಿ ಬಿಗಿಯಾದರೆ ಆ ಜಗಳದಲ್ಲಿ ಸೋಲುವುದು ಡಬ್ಬಿಯ ಮೂಲೆಯ ಬೆಸುಗೆ. ಟರ್ನ್‌ಬಕಲ್ಲಿನ ತುದಿಗೆ ಗಟ್ಟಿ ರಬ್ಬರ್ ಬುಷ್ ಅಥವಾ ದಪ್ಪ ಸ್ಪ್ರಿಂಗ್ ಸೇರಿಸಿದರೆ ಆ ಹೊರಳಿಗೆ ಎಡೆ ಸಿಗುತ್ತದೆ. ಕೊನೆಗೆ ಚೆಕ್‌ನಟ್ಟು ಕೂರಿಸಿ, ತಂತಿ ಸುತ್ತಿ.

ಏರಿಸುವುದು

ಡಬ್ಬಿಯ ನಾಲ್ಕು ಮೂಲೆಗೆ ತಿರುಪಿನ ಜಾಕು ಬೇಕು. ಅಮೆರಿಕದ ಜಾಕುಗಳು ತೊಟ್ಟಿ ಪಿಕಪ್ಪಿನ ಅಳತೆಗೆ ಇರುತ್ತವೆ. ನಮ್ಮ ಬಾಡಿಯ ಅಗಲ ಐದೂವರೆ ಅಡಿ, ಎರಡೂ ಕಡೆ ಆರಾರು ಇಂಚು ಬಿಟ್ಟರೆ ಜಾಕಿನಿಂದ ಜಾಕಿಗೆ ಒಳಅಂತರ ಆರೂವರೆ ಅಡಿ ಬೇಕು. ಆದ್ದರಿಂದ ಜಾಕಿನ ತೋಳನ್ನು ಬಾಗಿಲಿನ ಹಾಗೆ ಹೊರಕ್ಕೆ ತೆರೆಯುವಂತೆ ಮಾಡಿಸಿ, ಏರಿದ ಮೇಲೆ ಒಳಕ್ಕೆ ಮಡಚಿ ಪಿನ್ನು ಹಾಕಬಹುದು. ಲೇಥಿನ ಕೆಲಸ ಚೆನ್ನಾಗಿ ಆಗಬೇಕೆಂದರೆ ಬೆಳಗಾವಿಯ ಉದ್ಯಮಬಾಗಕ್ಕೆ ಒಯ್ಯಿರಿ, ತಿರುಪು ಕೊರೆಯುವ ಕೈಗಳು ಅಲ್ಲಿ ಬೇಕಾದಷ್ಟಿವೆ.

ನೆಲ ನೋಡದೆ ಜಾಕು ಊರಬೇಡಿ. ನಮ್ಮದು ಎರಿ ಭೂಮಿ. ಒಣಗಿದಾಗ ಕಲ್ಲಿನಂತೆ ಕಂಡರೂ ಒಂದು ಮಳೆ ಬಿದ್ದರೆ ಬೆಣ್ಣೆ. ಒಂದು ಅಕಾಲಮಳೆಯ ರಾತ್ರಿ ನಮ್ಮ ಡಬ್ಬಿಯ ಒಂದು ಕಾಲು ಮೊಣಕೈ ಉದ್ದ ಇಳಿದು, ಬೆಳಗ್ಗೆ ಎದ್ದಾಗ ಮೂವರೂ ಒಂದೇ ಮೂಲೆಯಲ್ಲಿ ರಾಶಿ ಬಿದ್ದಿದ್ದರು. ಪ್ರತಿ ಜಾಕಿನ ಕೆಳಗೆ ಎರಡಡಿ ಚೌಕದ ದಪ್ಪ ಹಲಗೆ ಇಡಿ. ರೈಲ್ವೆಯ ಹಳೇ ಮರದ ಸ್ಲೀಪರ್ ಸಿಕ್ಕರೆ ಇನ್ನೂ ಚಲೋ. ಸಾಧ್ಯವಾದರೆ ಗರಸು ಹಾಕಿದ ಕಣ ಅಥವಾ ರಸ್ತೆ ಬದಿಯ ಗಟ್ಟಿ ನೆಲ ಆರಿಸಿ.

ನಾಲ್ಕು ಜಾಕನ್ನೂ ಸರದಿಯಲ್ಲಿ ನಾಲ್ಕು ನಾಲ್ಕು ಸುತ್ತಿನಂತೆ ಎತ್ತಿ, ನಡುನಡುವೆ ಡಬ್ಬಿಯ ಹೊಸ್ತಿಲ ಮೇಲೆ ರಸಮಟ್ಟ ಇಟ್ಟು ನೋಡಿ. ಡಬ್ಬಿಯ ತಳ ಬೆಲ್ಟಿಗೆ ತಾಗದಷ್ಟು ಮೇಲೆ ಬಂದರೆ ನಿಲ್ಲಿಸಿ, ಸಿ-ಚಾನೆಲ್ಲಿನ ಮೇಲಂಚಿಗಿಂತ ಕೆಳಗೇ ಇರಲಿ, ಅದಕ್ಕಿಂತ ಎತ್ತರ ಬೇಡ. ಗಾಳಿ ಬೀಸುವಾಗ ಈ ಕೆಲಸ ಹಿಡಿಯಲೇಬಾರದು. ಗಾಡಿ ಹಿಮ್ಮುಖ ಬರುವಾಗ ಒಬ್ಬನೇ ಸನ್ನೆ ಮಾಡಲಿ, ಅವನು ಕನ್ನಡಿಯಲ್ಲಿ ಕಾಣುವಂತೆ ಪಕ್ಕದಲ್ಲಿ ನಿಲ್ಲಲಿ. ಡಬ್ಬಿಯ ಕೆಳಗೆ ಬಗ್ಗಿ ನೋಡುವ ಚಪಲ ಎಲ್ಲರಿಗೂ ಇರುತ್ತದೆ, ಬಗ್ಗಿದವನನ್ನು ಬೈದಾದರೂ ಎಬ್ಬಿಸಿ. ಬಾಡಿಯ ನಡುವಿಗೆ ಸುಣ್ಣದ ಗೆರೆ, ಡಬ್ಬಿಯ ಮುಂದಿನ ಗೋಡೆಯ ನಡುವಿಗೂ ಒಂದು ಗೆರೆ ಹಾಕಿಟ್ಟರೆ ಡ್ರೈವರನಿಗೆ ಅರ್ಧ ಕೆಲಸ ಹಗುರ. ಸಿ-ಚಾನೆಲ್ಲಿಗೆ ಡಬ್ಬಿ ಮುಟ್ಟಿದ್ದು ಕೈಗೆ ತಾಗುವ ಹಾಗೆ ತಿಳಿಯುತ್ತದೆ. ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, ಆಮೇಲೆ ಜಾಕು ಇಳಿಸಿ. ಭಾರ ಪೂರ್ತಿ ಗಾಡಿಗೆ ಬಂದ ನಂತರವೇ ಟರ್ನ್‌ಬಕಲ್ ಹಚ್ಚಬೇಕು.

ವೈರು, ಗ್ಯಾಸು

ಗಾಡಿಯ ಬ್ಯಾಟರಿಯಿಂದ ಡಬ್ಬಿಯ ಬ್ಯಾಟರಿಗೆ ಚಾರ್ಜಿಂಗ್ ಎಳೆಯುವುದಾದರೆ ಗಾಡಿಯ ಬ್ಯಾಟರಿಯ ಪಕ್ಕದಲ್ಲೇ, ಗೇಣಿನೊಳಗೆ ಫ್ಯೂಸು ಇರಲಿ. ನಡುವೆ ಐಸೊಲೇಟರ್ ರಿಲೇ ಇದ್ದರೆ ಹುಡುಗರು ರಾತ್ರಿಯಿಡೀ ಮೊಬೈಲ್ ಹಚ್ಚಿದರೂ ಬೆಳಗ್ಗೆ ಗಾಡಿ ಸೆಲ್ಫ್ ತಗೊಳ್ಳುತ್ತದೆ. ಡಬ್ಬಿ ಹಿಂದಿನ ದೀಪವನ್ನೋ ನಂಬರ್ ಪ್ಲೇಟನ್ನೋ ಮರೆಮಾಡಿದರೆ ಡಬ್ಬಿಯ ಹಿಂದೆ ಇನ್ನೊಂದು ಜೊತೆ ಹಚ್ಚಲೇಬೇಕು. ಕಬ್ಬಿನ ಹಂಗಾಮಿನ ರಾತ್ರಿಯಲ್ಲಿ ದೀಪವಿಲ್ಲದ ಟ್ರೇಲರಿಗೆ ಗುದ್ದಿ ಸತ್ತವರ ಸುದ್ದಿ ಓದದವರು ನಮ್ಮಲ್ಲಿ ಯಾರಿದ್ದಾರೆ. ಕೆಂಪು ರಿಫ್ಲೆಕ್ಟರ್ ಪಟ್ಟಿಗೆ ಜಿಪುಣತನ ಬೇಡ.

ಒಲೆಗೆ ಐದು ಕೆಜಿಯ ಸಣ್ಣ ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹೊಂಡದ ನೀರಿನ ಹಾಗೆ ನಿಲ್ಲುತ್ತದೆ. ಸಿಲಿಂಡರಿಗೆ ಹೊರಗಿನಿಂದ ತೆಗೆಯುವ ಪ್ರತ್ಯೇಕ ಗೂಡು ಮಾಡಿಸಿ, ಅದರ ತಳದಲ್ಲಿ ಅಂಗೈಯಷ್ಟು ಜಾಲರಿ ಬಿಡಿಸಿ. ಗೂಡಿಗೂ ಮಲಗುವ ಜಾಗಕ್ಕೂ ನಡುವೆ ಎಲ್ಲಿಯೂ ಸಂದಿ ಇರಬಾರದು. ಥಂಡಿ ಅಂತ ಒಳಗೆ ಒಲೆ ಹಚ್ಚಿಟ್ಟು, ಬಾಗಿಲು ಮುಚ್ಚಿ ಮಲಗುವುದು, ಇದ್ದಿಲಿನ ಬುಟ್ಟಿ ಒಳಗಿಡುವುದು ಕೂಡದೆಂದು ಗೋಡೆಯ ಮೇಲೇ ಬರೆಸಿದ್ದೇನೆ. ಹೊರಡುವಾಗ ರೆಗ್ಯುಲೇಟರ್ ಬಂದ್.

ರಸ್ತೆಗೆ ಇಳಿದ ಮೇಲೆ

ಗಾಡಿಯ ಎತ್ತರ ಅಳೆದು ಸ್ಟೀರಿಂಗಿನ ಮುಂದೆ ದೊಡ್ಡ ಅಕ್ಷರದಲ್ಲಿ ಅಂಟಿಸಿ. ನಮ್ಮದು ಹತ್ತಡಿ ನಾಲ್ಕಿಂಚು. ಊರ ಕಮಾನು, ರೈಲ್ವೆ ಕೆಳಸೇತುವೆಯ ಅಡ್ಡಪಟ್ಟಿ, ಓಣಿಯಲ್ಲಿ ಜೋತು ಬಿದ್ದ ಕರೆಂಟಿನ ತಂತಿ, ರಸ್ತೆಗೆ ಬಾಗಿದ ಬೇವಿನ ಕೊಂಬೆ, ಇವು ಯಾವುವೂ ಖಾಲಿ ಪಿಕಪ್ ಓಡಿಸುವವನ ಕಣ್ಣಿಗೆ ಬಿದ್ದಿರುವುದಿಲ್ಲ. ತಂತಿ ಅನುಮಾನ ಬಂದರೆ ಕೋಲಿನಿಂದ ಎತ್ತಲು ಹೋಗಬೇಡಿ, ಗಾಡಿ ತಿರುಗಿಸಿ.

ವಿಜಯಪುರದ ಕಡೆ ಹೋಗುವಾಗ ಕೃಷ್ಣೆಯ ಹಿನ್ನೀರಿನ ಮೇಲಿನ ಕೊಲ್ಹಾರ ಸೇತುವೆಯಲ್ಲಿ ಪಕ್ಕದ ಗಾಳಿ ಡಬ್ಬಿಯನ್ನು ತಳ್ಳುವುದು ಸ್ಟೀರಿಂಗಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಎದುರಿನ ಲಾರಿ ದಾಟಿದ ಗಳಿಗೆಯಲ್ಲಿ ಇನ್ನೊಮ್ಮೆ ಎಳೆಯುತ್ತದೆ. ಐವತ್ತಕ್ಕೆ ಇಳಿಸಿ, ಎರಡೂ ಕೈ ಸ್ಟೀರಿಂಗ್ ಮೇಲಿಡಿ. ತಿರುವಿನಲ್ಲೂ ಗಾಡಿ ಮೊದಲಿಗಿಂತ ಎತ್ತರ ಎಂಬುದು ನೆನಪಿರಲಿ. ಟೈರಿನ ಗಾಳಿ, ತುಂಬಿದ ಗಾಡಿಗೆ ಕಂಪನಿ ಬರೆದಷ್ಟೇ ಇರಲಿ, ಬೆಳಗ್ಗೆ ಟೈರು ತಣ್ಣಗಿದ್ದಾಗ ನೋಡಿ.

ಮೊದಲ ಹತ್ತು ಕಿಲೋಮೀಟರ್ ಆದ ಮೇಲೆ ನಿಲ್ಲಿಸಿ ನಾಲ್ಕು ಟರ್ನ್‌ಬಕಲ್ ಮುಟ್ಟಿ ನೋಡಿ. ತಳದ ರಬ್ಬರ್ ಬೆಲ್ಟು ಅಮುಕಿ ಕೂತಿರುತ್ತದೆ, ಒಂದರ್ಧ ಸುತ್ತು ಸಡಿಲಾಗಿಯೇ ಇರುತ್ತದೆ. ಆಮೇಲೆ ಐವತ್ತಕ್ಕೊಮ್ಮೆ, ಚಹಾಕ್ಕೆ ನಿಲ್ಲಿಸಿದಾಗಲೆಲ್ಲ. ಯು-ಬೋಲ್ಟಿನ ನಟ್ಟಿಗೂ ಚಾಸಿಗೂ ಸೇರಿ ಪೇಂಟಿನ ಒಂದು ಗೆರೆ ಎಳೆದಿಡಿ, ನಟ್ಟು ತಿರುಗಿದ್ದರೆ ಗೆರೆ ಮುರಿದಿರುತ್ತದೆ, ಪಾನಾ ಹಿಡಿಯದೆಯೇ ಕಾಣುತ್ತದೆ.

ಹೊಲದಲ್ಲಿ ಇಳಿಸುವಾಗ ಇದೇ ಕೆಲಸ ಹಿಂದುಮುಂದು: ಮೊದಲು ವೈರಿನ ಪ್ಲಗ್ಗು, ಆಮೇಲೆ ಟರ್ನ್‌ಬಕಲ್, ಕ್ಲೀಟು, ಕೊನೆಗೆ ಜಾಕು. ಪ್ಲಗ್ಗು ಮರೆತು ಗಾಡಿ ಮುಂದೆ ತಗೊಂಡು ವೈರು ಹರಿದದ್ದು ನಮ್ಮಲ್ಲಿ ಎರಡು ಸಲ ಆಗಿದೆ. ಗಾಡಿ ಆಚೆ ಹೋದ ಮೇಲೆ ಡಬ್ಬಿಯನ್ನು ಮೊಣಕಾಲೆತ್ತರಕ್ಕೆ ಇಳಿಸಿ, ತಳದ ಚೌಕಟ್ಟಿನ ಕೆಳಗೆ ನಾಲ್ಕು ಕಡೆ ಸ್ಲೀಪರ್ ತುಂಡು ಕೊಟ್ಟು, ಜಾಕಿನ ಮೇಲಿನ ಭಾರ ತೆಗೆಯಿರಿ. ಮೂವರು ಒಳಗೆ ಹತ್ತಿ ಇಳಿದು ಮಾಡಿದರೂ ಅಲುಗಬಾರದು. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ, ಇಲ್ಲದಿದ್ದರೆ ಕಬ್ಬಿನ ರವದಿಯೆಲ್ಲ (ಒಣ ಗರಿ) ಹಾಸಿಗೆಯಲ್ಲೇ.